ಉಮ್ಮರಾಕ ಕೊಡದ ಬದನೆ

ಹಸಿ ಬದನೆಯನ್ನು ಪೇರಳೆಹಣ್ಣಿನ ಹಾಗೆ ಕಚ್ಚಿ ತಿನ್ನುವವರು ಅಂತ ನಾನು ಕಂಡದ್ದು ನಮ್ಮ ಆಚೆಮನೆಯ ಉಮ್ಮರಾಕನನ್ನು ಮಾತ್ರ. ಬೆಳಿಗ್ಗೆ ಪಳ್ಳಿಯಲ್ಲಿ ನಮಾಜು ಮುಗಿಸಿ ಬಂದವರು ತಲೆಯ ಬಿಳಿ ಟೊಪ್ಪಿಯನ್ನೂ ತೆಗೆಯದೆ ಸೀದಾ ಹಿತ್ತಲಿಗೆ ಹೋಗುವರು. ಲುಂಗಿಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿ ಕಟ್ಟಿ, ಗಿಡದ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತು, ಎಲೆ ಮಗುಚಿ ನೋಡಿ, ಒಂದು ಎಳೆಯ ಕಾಯಿ ಕಿತ್ತು ಲುಂಗಿಯ ಅಂಚಿಗೆ ಒರೆಸಿ ಕಟಕ್ಕನೆ ಕಚ್ಚುವರು. ಆಮೇಲೆ ಕಣ್ಣು ಮುಚ್ಚಿ ಜಗಿಯುವರು. ಜಗಿದು ಮುಗಿದ ಮೇಲೆ ಗಿಡಕ್ಕೆ ಒಂದು ಮಾತು ಸಲ್ಲುತ್ತಿತ್ತು. "ನೀನು ಅಡ್ಡಿಯಿಲ್ಲ." ಇಲ್ಲವೆ, "ನಿನಗೆ ಎಂತ ಸಿಟ್ಟು ಮಾರಾಯ್ತಿ, ಇಷ್ಟು ಕಹಿ?"

ಮೊದಲ ಸಲ ಈ ದೃಶ್ಯ ಕಂಡದ್ದು ನನ್ನ ಅಮ್ಮ. ನಮಗೂ ಅವರಿಗೂ ನಡುವೆ ಎದೆಮಟ್ಟದ ಒಂದು ಕಲ್ಲಿನ ಗೋಡೆ ಅಷ್ಟೆ. ಅಮ್ಮ ಬಟ್ಟೆ ಒಣಹಾಕುವುದನ್ನು ಅಲ್ಲಿಗೇ ಬಿಟ್ಟು ಒಳಗೆ ಓಡಿ ಬಂದರು.

"ಜಗ್ಗೂ, ಬಾ ಇಲ್ಲಿ. ಆಚೆಮನೆ ಬ್ಯಾರಿಗಳಿಗೆ ಎಂತೋ ಆಗಿದೆ. ಹಸಿ ಬದನೆ ತಿಂತಾ ಇದ್ದಾರೆ."

ನಾನು ಹೋಗುವಷ್ಟರಲ್ಲಿ ಉಮ್ಮರಾಕ ಗೋಡೆಯ ಹತ್ತಿರ ಬಂದು ನಿಂತಿದ್ದರು. ಕೈಯಲ್ಲಿ ಇನ್ನೊಂದು ಕಾಯಿ.

"ಗಿರಿಜಕ್ಕ, ಒಂದು ತಿಂದು ನೋಡಿ. ಉಪ್ಪು, ಮೆಣಸು ಮುಟ್ಟಿಸಿ ತಿಂದ್ರೆ ಇನ್ನೂ ಲಾಯ್ಕ."

"ಬೇಯಿಸಿದ ಬದನೆಯೇ ನಂಜು. ಹಸಿಯದ್ದು ತಿಂದು ನಾನು ಮೈ ತುರಿಸಿಕೊಂಡು ಕೂತ್ಕೊಳ್ಬೇಕಾ? ನಿಮ್ಮ ಸಾರಮ್ಮನಿಗೆ ಕೊಡಿ."

"ಅವಳು ನಿಮಗಿಂತ ಜೋರು. ಇದನ್ನು ತಿಂದ ಬಾಯಲ್ಲಿ ನನ್ನ ಹತ್ರ ಮಾತಾಡ್ಬೇಡಿ ಅಂತಾಳೆ."

ಸಾರಮ್ಮ ಉಮ್ಮರಾಕನ ಹೆಂಡತಿ. ಅಮ್ಮನ, ಉಮ್ಮರಾಕನ ಮಾತು ಯಾವಾಗಲೂ ತುಳುವಿನಲ್ಲಿ. ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಹಾಗೆ ಮಾಡುವಾಗ ಉಪ್ಪು ಸ್ವಲ್ಪ ಕಡಿಮೆಯಾಗುತ್ತದೆ, ಗೊತ್ತಿದ್ದವರು ಹಾಕಿಕೊಂಡು ಓದಬೇಕು. ಅಂದ ಹಾಗೆ, ಅವರು ಗೋಡೆಯ ಮೇಲೆ ಇಟ್ಟುಹೋದ ಆ ಕಾಯಿಯನ್ನು ಅಮ್ಮ ಆಮೇಲೆ ಅಡುಗೆಮನೆಯಲ್ಲಿ ಯಾರಿಗೂ ಕಾಣದಂತೆ ತಿಂದರು. ತುರಿಕೆಯೂ ಬರಲಿಲ್ಲ, ನಂಜೂ ಆಗಲಿಲ್ಲ. "ಎಳತ್ತು ಮುಳ್ಳುಸೌತೆಯ ಹಾಗೆ ಉಂಟು" ಎಂದು ನನ್ನೊಬ್ಬನಲ್ಲಿ ಒಪ್ಪಿಕೊಂಡರು. ಉಮ್ಮರಾಕನಿಗೆ ಹೇಳಬಾರದೆಂದು ಆಣೆ ಹಾಕಿಸಿದರು.

ನಮ್ಮದು ಪುತ್ತೂರಿನ ದರ್ಬೆ. ಮುಖ್ಯರಸ್ತೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ, ಒಳಗಿನ ರಸ್ತೆಯಲ್ಲಿ ಮನೆ. ಉಮ್ಮರಾಕ ಬಾಳಿನ ದೊಡ್ಡ ಪಾಲನ್ನು ಗಲ್ಫಿನಲ್ಲಿ, ಒಂದು ದೊಡ್ಡ ಹೋಟೆಲಿನ ಅಡುಗೆಮನೆಯಲ್ಲಿ ಕಳೆದವರು. ಅಲ್ಲಿ ಅವರ ಒಲೆಯ ಪಕ್ಕದ ಒಲೆ ಥಾಯ್ಲೆಂಡಿನವನೊಬ್ಬನದು. ಸೋಮ್‌ಚಾಯ್ ಎಂದು ಹೆಸರು. ಉಮ್ಮರಾಕನ ಬಾಯಲ್ಲಿ ಅವನು ಮೊದಲ ವಾರದಲ್ಲೇ ಸೋಮಣ್ಣ ಆಗಿಬಿಟ್ಟಿದ್ದ. ಆ ಅಡುಗೆಮನೆಯಲ್ಲಿ ಹೆಚ್ಚಿನವರು ಕೇರಳದವರಾದ್ದರಿಂದ ಸೋಮಣ್ಣನಿಗೆ ಬಂದ ಹೊರಗಿನ ಭಾಷೆ ಎಂದರೆ ಹರುಕುಮುರುಕು ಮಲಯಾಳ. ಮಲಯಾಳಕ್ಕೆ ಹತ್ತಿರದ ಬ್ಯಾರಿ ಭಾಷೆ ಮಾತಾಡುವ ಉಮ್ಮರಾಕನಿಗೆ ಅಷ್ಟು ಸಾಕಿತ್ತು.

ಸೋಮಣ್ಣ ಊರಿನಿಂದ ಬರುವಾಗ ತನ್ನ ತಾಯಿ ಕಟ್ಟಿಕೊಟ್ಟ ಬದನೆಬೀಜ ತಂದಿದ್ದನಂತೆ. ಅಡುಗೆಮನೆಯ ಹಿಂದೆ, ಖಾಲಿ ತುಪ್ಪದ ಡಬ್ಬಿಗಳಲ್ಲಿ ಮಣ್ಣು ತುಂಬಿಸಿ, ಎಸಿಯ ನೀರು ತೊಟ್ಟಿಕ್ಕುವ ಜಾಗದಲ್ಲಿ ಇಟ್ಟು ಬೆಳೆಸುತ್ತಿದ್ದನಂತೆ. ಇಬ್ಬರೂ ಡ್ಯೂಟಿ ಮುಗಿಸಿ ಆ ಡಬ್ಬಿಗಳ ನಡುವೆ ಕೂತು, ಹಸಿ ಬದನೆಯನ್ನು ಖಾರದ ಚಟ್ನಿಯಲ್ಲಿ ಅದ್ದಿ ತಿನ್ನುತ್ತಿದ್ದರು. ಉಮ್ಮರಾಕ ಗಲ್ಫ್ ಬಿಟ್ಟು ಬರುವ ದಿನ ಸೋಮಣ್ಣ ಮೂರು ಪೊಟ್ಟಣ ಕೈಯಲ್ಲಿಟ್ಟ. ಕೈ ಒರೆಸುವ ಕಾಗದದಲ್ಲಿ ಮಡಚಿದ ಬೀಜ, ಮೂರು ಬಗೆ.

ಅವರ ಹಿತ್ತಲಿನಲ್ಲಿ ನಾನು ಕಂಡದ್ದು ಆ ಮೂರು ಬಗೆಯ ಪರೀಕ್ಷೆ. ಒಂದು ಗೇಣುದ್ದದ ಹಸಿರು ಬದನೆ, ತೆಳ್ಳಗೆ ಬೆರಳಿನ ಹಾಗೆ. ಇನ್ನೊಂದು ಬಿಳಿ, ಬಣ್ಣದಲ್ಲೂ ಗಾತ್ರದಲ್ಲೂ ಕೋಳಿಮೊಟ್ಟೆಯೇ ಅನ್ನಬೇಕು. ಮೂರನೆಯದು ದುಂಡಗೆ, ದೊಡ್ಡ ಲಿಂಬೆಯಷ್ಟು, ಹಸಿರಿನ ಮೇಲೆ ಬಿಳಿ ಗೀರು.

"ಮೂರನ್ನೂ ಇಟ್ಟುಕೊಳ್ಳಿ, ಎಂತ ತೊಂದರೆ?" ಎಂದು ನಾನು ಕೇಳಿದ್ದೆ.

"ಇಷ್ಟು ಸಣ್ಣ ಜಾಗದಲ್ಲಿ ಮೂರು ಹಾಕಿದ್ರೆ ದುಂಬಿ ಬಂದು ಎಲ್ಲ ಕಲಸಿ ಹಾಕ್ತದೆ. ಮತ್ತೆ ಬೀಜ ಹಾಕಿದ್ರೆ ಉದ್ದವೂ ಅಲ್ಲದ ದುಂಡೂ ಅಲ್ಲದ ಎಂತದೋ ಬರ್ತದೆ. ಒಂದನ್ನು ಇಟ್ಕೊಂಡು ಸರಿಯಾಗಿ ನೋಡ್ಕೊಳ್ಳುದು. ಯಾವುದು ಅಂತ ನೆಲ ಹೇಳ್ಬೇಕು, ಮಳೆ ಹೇಳ್ಬೇಕು, ಸಾರಮ್ಮ ಹೇಳ್ಬೇಕು. ನಾನು ಹೇಳುದು ಕೊನೆಗೆ."

ನೆಲ ಮೊದಲು ಹೇಳಿತು. ನಮ್ಮ ಕಡೆಯ ಮುರಮಣ್ಣಿನಲ್ಲಿ ಬದನೆಗೆ ಒಂದು ಸೊರಗುರೋಗ ಉಂಟು. ಬೆಳಿಗ್ಗೆ ನೆಟ್ಟಗೆ ನಿಂತ ಗಿಡ ಮಧ್ಯಾಹ್ನಕ್ಕೆ ಬಿಸಿನೀರು ಹೊಯ್ದಂತೆ ಜೋತುಬೀಳುತ್ತದೆ, ಮತ್ತೆ ಎಷ್ಟು ನೀರು ಕೊಟ್ಟರೂ ಏಳುವುದಿಲ್ಲ. ಉದ್ದ ಬದನೆಯ ಗಿಡಗಳು ಒಂದರ ಹಿಂದೆ ಒಂದು ಹಾಗೆ ಹೋದವು. ಉಮ್ಮರಾಕನಿಗೆ ಅದೇ ಹೆಚ್ಚು ಪ್ರೀತಿಯದು. ಕೊನೆಯ ಗಿಡ ಬಾಡಿದ ದಿನ ಅವರು ಚಹಾ ಕುಡಿಯಲಿಲ್ಲವೆಂದು ಸಾರಮ್ಮ ಗೋಡೆಯಾಚೆಯಿಂದ ಅಮ್ಮನಿಗೆ ಹೇಳಿದರು.

ಮೊಟ್ಟೆಬದನೆ ನೆಲದಲ್ಲಿ ಪಾಸಾಯಿತು. ಅದನ್ನು ನೋಡಿ ಅಮ್ಮ, "ಬ್ಯಾರಿಗಳೇ, ಇದಕ್ಕೆ ಕಾವು ಕೊಡ್ಲಿಕ್ಕೆ ಕೋಳಿ ಎಲ್ಲಿ ಕೂರುದು?" ಎಂದು ಕೇಳಿದ್ದು ಪಳ್ಳಿಯ ತನಕ ಹೋಗಿ ನಗೆಯಾಯಿತು. ಆದರೆ ಸಾರಮ್ಮನ ಒಣಸಿಗಡಿ ಸಾರಿನಲ್ಲಿ ಅದು ನಪಾಸು. ಸಿಪ್ಪೆ ಗಟ್ಟಿ, ಒಳಗೆ ಬರೀ ಬೀಜ, ಮಸಾಲೆ ಹಿಡಿಯುವುದಿಲ್ಲ. "ಸಾರು ಒಂದು ಕಡೆ, ಅದು ಒಂದು ಕಡೆ. ಮಾತು ಬಿಟ್ಟ ನೆಂಟರ ಹಾಗೆ" ಎಂದರು ಸಾರಮ್ಮ. ಗೀರಿನ ದುಂಡು ಬದನೆ ಮಾತ್ರ ಸೊರಗಲಿಲ್ಲ, ಆಟಿ ತಿಂಗಳ ಬಿಡದ ಮಳೆಯನ್ನೂ ತಡೆಯಿತು, ಸಿಗಡಿಯ ಜೊತೆ ಬೆಂದು ಮೆತ್ತಗಾದರೂ ಕರಗಿಹೋಗಲಿಲ್ಲ. ಹಸಿಯಾಗಿ ತಿನ್ನಲಿಕ್ಕೂ ಆಗುತ್ತಿತ್ತು. ಹಾಗೆ ಅದು ಉಳಿಯಿತು, ಉಳಿದೆರಡು ಹೋದವು.

ಅಂಗಡಿಯಲ್ಲಿ ಚಂದದ ಪ್ಯಾಕೆಟಿನಲ್ಲಿ ಬದನೆಬೀಜ ಸಿಗುವಾಗ ಇಷ್ಟೆಲ್ಲ ಯಾಕೆ ಎಂದು ನಾನೊಮ್ಮೆ ಕೇಳಿದೆ. ಉಮ್ಮರಾಕ ಗೋಡೆಯ ಮೇಲೆ ಮೊಣಕೈ ಊರಿ ನಿಧಾನದಲ್ಲಿ ಹೇಳಿದರು.

"ಜಗ್ಗು, ಆ ಹೈಬ್ರಿಡ್ ಬೀಜ ಬಾಡಿಗೆಮನೆ. ಚಂದ ಉಂಟು, ಬಣ್ಣ ಹೊಡೆದದ್ದು ಉಂಟು, ಇಲ್ಲ ಅಂತ ನಾನು ಹೇಳುದಿಲ್ಲ. ಆದ್ರೆ ವರ್ಷ ಮುಗಿದ ಕೂಡ್ಲೆ ಖಾಲಿ ಮಾಡ್ಬೇಕು, ಮತ್ತೆ ಅಂಗಡಿಗೇ ಹೋಗ್ಬೇಕು. ಅದ್ರ ಬೀಜ ತೆಗೆದು ಹಾಕಿದ್ರೆ ಅದೇ ಬರ್ತದೆ ಅಂತ ಗ್ಯಾರಂಟಿ ಇಲ್ಲ. ಇದು ಸ್ವಂತ ಮನೆ. ಈ ವರ್ಷ ಎಂತ ಬಂತೋ ಬರುವ ವರ್ಷವೂ ಅದೇ. ನಾಟಿ ಬೀಜ."

"ಹೊರದೇಶದ್ದು ನಾಟಿ ಹೇಗಾಗ್ತದೆ?" ಅಮ್ಮ ಎಲ್ಲಿದ್ದರೋ, ಮಾತಿನ ನಡುವೆ ಬಂದರು. "ನಾಟಿ ಅಂದ್ರೆ ನಾನು ಹಾಕುವ ನಮ್ಮ ಗುಳ್ಳಬದನೆ."

"ಅವನಿಗೂ ಊರು ಅಂತ ಒಂದು ಉಂಟಲ್ಲ ಗಿರಿಜಕ್ಕ. ಅವನ ಊರಿನ ನಾಟಿ ಅದು. ಅವನ ತಾಯಿ ನಿಮ್ಮ ಹಾಗೆಯೇ, ಬೀಜ ಬೂದಿಯಲ್ಲಿ ಕಲಸಿ ಇಡುವವರು."

ಅಮ್ಮನಿಗೆ ಆ ತಾಯಿ ಅಲ್ಲಿಂದ ಪರಿಚಯದವಳ ಹಾಗೆ ಆಗಿಬಿಟ್ಟಳು. ಆಗಾಗ "ಸೋಮಣ್ಣನ ಅಮ್ಮ ಹುಳಕ್ಕೆ ಎಂತ ಹಾಕ್ತಾರಂತೆ?" ಎಂದು ಕೇಳುವರು.

ಉಮ್ಮರಾಕನ ದೊಡ್ಡ ಗುಣ, ನೋಡುವುದಾದರೆ ದೊಡ್ಡ ದೋಷ, ಕೊಡುವುದು. ಅವರ ಮನೆಗೆ ಬಂದವರು ಯಾರೂ ಬರಿಗೈಯಲ್ಲಿ ಹೋದದ್ದಿಲ್ಲ. ಗ್ಯಾಸ್ ತಂದವನಿಗೆ ಬದನೆ. ಕರೆಂಟಿನ ಮೀಟರ್ ನೋಡಲು ಬಂದವನಿಗೆ ಬದನೆ. ಒಮ್ಮೆ ಕೊಲ್ಲಮೊಗ್ರಿನ ಗೌಡರೊಬ್ಬರು ಅಸಿಸ್ಟೆಂಟ್ ಕಮಿಷನರ ಆಫೀಸಿನ ಕೆಲಸಕ್ಕೆ ಬಂದವರು ನನ್ನ ಅಂಗಡಿಯಲ್ಲಿ ಆರ್‌ಟಿಸಿಯ ಜೆರಾಕ್ಸ್ ಮಾಡಿಸುತ್ತ ನಿಂತಿದ್ದರು. ಉಮ್ಮರಾಕ ಅವರಲ್ಲಿ ಮಾತಿಗೆ ನಿಂತು, ಮನೆಗೆ ಕರೆದುಕೊಂಡು ಹೋಗಿ, ಒಂದು ಚೀಲ ಬದನೆ ಹಿಡಿಸಿ, ಜೊತೆಗೆ ನಾಲ್ಕಾರು ಸಸಿಯನ್ನೂ ಕೊಟ್ಟರು.

"ನಮ್ಮದು ಕಾಡಿನ ಬದಿ ಸಾಯ್ಬರೇ. ನೆಟ್ಟದ್ದೆಲ್ಲ ಆನೆಗೆ" ಎಂದರು ಗೌಡರು.

"ಆನೆಗೂ ಒಂದು ಹೊಸ ರುಚಿ ಆಗ್ಲಿ. ಅದಕ್ಕೂ ದಿನಾ ಬಾಳೆ ತಿಂದು ಬೇಜಾರಾಗಿರ್ತದೆ."

ಕೊಡುವುದರಲ್ಲೂ ಒಂದು ಕ್ರಮ ಇತ್ತು. ಮೊದಲು ಬಂದ ಕಾಯಿ, ಚಂದದ ಕಾಯಿ, ಗೀರು ಎದ್ದು ಕಾಣುವ ಕಾಯಿ, ಅಷ್ಟೂ ಬೇರೆಯವರಿಗೆ. "ಕೊಡುದಾದ್ರೆ ಒಳ್ಳೇದೇ ಕೊಡ್ಬೇಕು. ಹುಳ ಕೊರೆದದ್ದು ನಮಗುಂಟಲ್ಲ." ಸಾರಮ್ಮನ ಅಡುಗೆಮನೆಯಲ್ಲಿ ನಿಂತು ನೋಡಿದರೆ, ಊರಿಗೆಲ್ಲ ಬದನೆ ಹಂಚುವ ಮನೆಯವರು ತಿನ್ನುತ್ತಿದ್ದದ್ದು ಕೊರಕಲು ತೆಗೆದ ಚೂರುಗಳನ್ನು. ಗಿಡ ಮುದಿಯಾಗಿ, ಕೊನೆಗೆ ಯಾರಿಗೂ ಕೊಡಲು ನಾಚಿಕೆಯಾಗುವ ನಾಲ್ಕು ಕಾಯಿ ಉಳಿದಾಗ, ಅದನ್ನು ಹಣ್ಣಾಗಲು ಬಿಟ್ಟು ಬೀಜ ತೆಗೆಯುವರು. ವರ್ಷವರ್ಷವೂ ಹೀಗೇ ನಡೆಯಿತು.

ಉಮ್ಮರಾಕನ ಮಗಳು ಮಿಸ್ರಿಯಳ ಮದುವೆ ಕಡಬದ ಕಡೆಗಾಯಿತು. ಅದಾಗಿ ಕೆಲವು ತಿಂಗಳಲ್ಲಿ ಒಂದು ಸಂಜೆ ಗೋಡೆಯಾಚೆ ಉಮ್ಮರಾಕ ಫೋನನ್ನು ಮುಖದ ಮುಂದೆ ಹಿಡಿದು ಕೂಗಿ ಮಾತಾಡುವುದು ಕೇಳಿಸಿತು. ನನ್ನನ್ನು ಕಂಡದ್ದೇ ಕೈ ಬೀಸಿ ಕರೆದರು. ಫೋನಿನಲ್ಲಿ ಕೂದಲು ನೆರೆತ ಒಬ್ಬ ಮನುಷ್ಯ ನಗುತ್ತಿದ್ದ. ಸೋಮಣ್ಣ. ಹಳೆಯ ಅಡುಗೆಮನೆಯವರು ಯಾರೋ ನಂಬರು ಹುಡುಕಿ ಕೊಟ್ಟಿದ್ದರು. ಅವನೂ ಗಲ್ಫ್ ಬಿಟ್ಟು ತನ್ನ ಊರಿಗೆ ಮರಳಿದ್ದ.

ನಗು ಮುಗಿದ ಮೇಲೆ ಅವನು ಕೇಳಿದ ಮಾತು ನನಗೂ ಅರ್ಥವಾಯಿತು. "ಉಮ್ಮರ್, ಅಮ್ಮ ವಿತ್ತ್ ಉಂಡೋ?" ಅಮ್ಮನ ಬೀಜ ಉಂಟಾ?

ಅವನ ತಾಯಿ ತೀರಿಹೋಗಿದ್ದರು. ಹಾಸಿಗೆ ಹಿಡಿದಿದ್ದ ಕಾಲದಲ್ಲಿ ಹಿತ್ತಲು ಯಾರೂ ನೋಡದೆ ಹಾಳಾಯಿತು. ಆಮೇಲೆ ಅವನ ತಮ್ಮ ಪೇಟೆಯ ಪ್ಯಾಕೆಟ್ ತಂದು ಹಾಕಿದ. ತಾಯಿಯ ಬೀಜ ಆ ಮನೆಯಲ್ಲೂ ಇಲ್ಲ, ನೆರೆಯಲ್ಲೂ ಇಲ್ಲ. ಸೋಮಣ್ಣ ಊರಿಗೆ ಬಂದು ಹುಡುಕಿ ಹುಡುಕಿ, ಕೊನೆಗೆ ನೆನಪು ಮಾಡಿಕೊಂಡದ್ದು ಪುತ್ತೂರಿನ ಉಮ್ಮರನನ್ನು.

"ಉಂಡು, ಉಂಡು" ಎಂದು ಉಮ್ಮರಾಕ ಎದೆ ತಟ್ಟಿ ಹೇಳಿದರು. ಫೋನ್ ಇಟ್ಟ ಮೇಲೆ ಬದನೆಯ ಸಾಲಿನ ಎದುರು ಹೋಗಿ ನಿಂತರು. ನಾನೂ ಗೋಡೆಯ ಈಚೆಯಿಂದ ನೋಡಿದೆ. ಆಗಲೇ ನನಗೆ ಕಂಡದ್ದು, ಅವರಿಗೆ ಬಹುಶಃ ಮೊದಲೇ ಗೊತ್ತಿದ್ದದ್ದು. ಆ ಗಿಡಗಳು ಹಿಂದಿನ ಗಿಡಗಳಲ್ಲ. ಕಾಯಿ ಗೋಲಿಯಷ್ಟಕ್ಕೆ ನಿಂತಿತ್ತು. ಗೀರು ಮಾಸಿತ್ತು. ಹೂ ಬಿಡಲಿಕ್ಕೇ ತಿಂಗಳು ತಡ, ಬಿಟ್ಟ ಕಾಯಿಯ ಒಳಗೆ ತುಂಬ ಬೀಜ.

"ಮೂರು ಕೊಟ್ಟವನಿಗೆ ಒಂದಾದ್ರೂ ತಿರುಗಿ ಕೊಡುವ ಅಂದ್ರೆ, ಅದೂ ಹೀಗೆ" ಎಂದರು. "ಮಣ್ಣು ಸೋತಿದೆ ಅಂತ ಕಾಣ್ತದೆ. ಇಲ್ಲಾಂದ್ರೆ ಈ ಮಳೆ..."

"ಮಣ್ಣಿಗೆ ಎಂತದ್ದೂ ಆಗ್ಲಿಲ್ಲ" ಎಂದರು ಅಮ್ಮ, ಒಗೆದ ಬಟ್ಟೆಯ ಬಕೆಟು ಕೆಳಗಿಟ್ಟು. "ನಿಮ್ಮ ಕೈಗೆ ಆದದ್ದು. ಚಂದದ್ದನ್ನೆಲ್ಲ ಊರಿಗೆ ಹಂಚಿದ್ರಿ. ಕೊನೆಗೆ ಉಳಿದ ಸಾಯ್ಲಿಕ್ಕಾದ ಗಿಡದ ಕಾಯಿಯನ್ನು ಬೀಜಕ್ಕೆ ಇಟ್ರಿ. ಗಿಡಕ್ಕೆ ಎಂತ ಗೊತ್ತು? ನೀವು ಇಟ್ಟದ್ದೇ ಸರಿ ಅಂತ ಅದೂ ಹಾಗೆಯೇ ಹುಟ್ಟಿತು. ಬೀಜಕ್ಕೆ ಅಂತ ಬಿಡುದು ಮೊದಲ ಚಂದದ ಕಾಯಿ ಬ್ಯಾರಿಗಳೇ. ಅದನ್ನು ಮಗ ಕೇಳಿದ್ರೂ ಕೊಡ್ಲಿಕ್ಕಿಲ್ಲ."

ಉಮ್ಮರಾಕ ಒಂದು ಗೋಲಿಕಾಯಿಯನ್ನು ಕಿತ್ತು ಅಂಗೈಯಲ್ಲಿ ಹೊರಳಿಸಿದರು. ಆಮೇಲೆ, "ಬಂದವರು ಕೇಳಿದ್ರೆ ಹೇಗೆ ಗಿರಿಜಕ್ಕ ಇಲ್ಲ ಅನ್ನುದು?" ಎಂದರು.

"ಬಾಯಲ್ಲಿ ಅನ್ನುದು. ಈಗ ಒಂದು ಸಲ ಹೇಳಿ ನೋಡುವ. 'ಇಲ್ಲ.'"

"ಇಲ್ಲ" ಎಂದರು ಉಮ್ಮರಾಕ. ಕೂಡಲೇ, "ಅಂದ್ರೆ... ನಾಡಿದ್ದು ಬನ್ನಿ, ನೋಡುವ."

ಅಮ್ಮ ಹಣೆ ಬಡಿದುಕೊಂಡರು.

ಆ ಹೊತ್ತಿಗೆ ಒಂದು ಭಾಗ್ಯ ಉಳಿದಿತ್ತು. ಬಟ್ಟೆ ಒಗೆಯುವ ಕಲ್ಲಿನ ಪಕ್ಕ ತಾನಾಗಿ ಹುಟ್ಟಿದ ಒಂದು ಗಿಡ. ಯಾವ ವರ್ಷದ ಕಾಯಿ ಬಿದ್ದು ಹುಟ್ಟಿದ್ದೋ, ಅದರಲ್ಲಿ ಮಾತ್ರ ಹಳೆಯ ಗೀರು, ಹಳೆಯ ದುಂಡು, ಉಳಿದವಕ್ಕಿಂತ ಮೊದಲು ಹೂ. ಉಮ್ಮರಾಕ ಅದರ ಒಂದು ಕಾಯಿ ಕಚ್ಚಿ ನೋಡಿ ಅಲ್ಲೇ ಕೂತುಬಿಟ್ಟರು. "ಇದು ಸೋಮಣ್ಣನ ತಾಯಿಯದ್ದೇ" ಎಂದರು. ಮಾರನೆಯ ದಿನ ಸಾಲಿನ ಉಳಿದ ಗಿಡಗಳನ್ನೆಲ್ಲ ಕಿತ್ತರು. ಅಮ್ಮ ಯಾರೂ ಕೇಳದೆಯೇ, "ಈ ವರ್ಷ ನಾನು ಗುಳ್ಳ ಹಾಕುದಿಲ್ಲ" ಎಂದು ಸಾರಿದರು. ಅಮ್ಮನ ಬಾಯಿಂದ ಆ ಮಾತು ಬರುವುದೆಂದರೆ ಸಣ್ಣದಲ್ಲ.

ಆದರೂ ಕಣ್ಣಿಗೆ ಕಾಣದ ಯಾರ ಮನೆಯ ಬದನೆಯಿಂದಲೋ ದುಂಬಿ ಬರಬಹುದಲ್ಲ. ಅದಕ್ಕೆ ಉಮ್ಮರಾಕ ಒಂದು ಉಪಾಯ ಮಾಡಿದರು. ಮಿಸ್ರಿಯಳ ಮದುವೆಯಲ್ಲಿ ಬಂದವರಿಗೆ ಖರ್ಜೂರ, ಮಿಠಾಯಿ ಹಾಕಿ ಕೊಟ್ಟ ಬಲೆಬಟ್ಟೆಯ ಪುಟ್ಟ ಚೀಲಗಳು ಒಂದು ಕಟ್ಟು ಉಳಿದಿದ್ದವು, ಚಿನ್ನದ ಬಣ್ಣದ ದಾರದವು. ಮೊಗ್ಗು ಅರಳುವ ಮೊದಲು ಒಂದೊಂದಕ್ಕೂ ಒಂದೊಂದು ಚೀಲ ತೊಡಿಸಿ ದಾರ ಎಳೆದು ಕಟ್ಟಿದರು. ಹೂ ಅರಳಿದಾಗ, ಅದರದೇ ಪರಾಗ ಅದಕ್ಕೆ ಉದುರಲೆಂದು, ಹೊರಗಿನಿಂದಲೇ ಬೆರಳಿನಿಂದ ಮೆಲ್ಲಗೆ ತಟ್ಟುವರು. ಕಾಯಿ ಕಟ್ಟಿದ ಮೇಲೆ ಚೀಲ ಬಿಚ್ಚಿ, ಬೀಜಕ್ಕೆ ಬಿಟ್ಟದ್ದೆಂದು ಗುರುತಿಗೆ ತೊಟ್ಟಿಗೆ ಕೆಂಪು ನೂಲು. ಬಿಸಿಲು ಬಿದ್ದಾಗ ಗಿಡ ಮೈತುಂಬ ಮಿನುಗುತ್ತಿತ್ತು.

"ಮಗಳ ಮದುವೆಗೆ ಇಷ್ಟು ಶೃಂಗಾರ ಮಾಡ್ಲಿಲ್ಲ" ಎಂದರು ಸಾರಮ್ಮ.

ಕೆಂಪು ನೂಲಿನ ಕಾಯಿಗಳು ಬೆಳೆದು ಹೊಳೆಯತೊಡಗಿದ ಕಾಲಕ್ಕೆ ಸರಿಯಾಗಿ, ಹೆರಿಗೆಗೆ ತವರಿಗೆ ಬಂದಿದ್ದ ಮಿಸ್ರಿಯಳನ್ನು ನೋಡಲು ಕಡಬದಿಂದ ಅವಳ ಅತ್ತೆ ಖದೀಜಮ್ಮ ಬಂದರು. ಮಗಳ ಗಂಡನ ಮನೆಯವರು ಬಂದಾಗ ಏನು ಸಂಭ್ರಮ ಎನ್ನುವುದು ನಮ್ಮ ಊರಿನಲ್ಲಿ ಜಾತಿಮತ ಬೇಡದೆ ಎಲ್ಲರಿಗೂ ಗೊತ್ತು. ಅವರ ಕಣ್ಣು ಬಿದ್ದ ವಸ್ತುವನ್ನು ಅವರು ಕೇಳುವ ಮೊದಲೇ ಕಟ್ಟಿಕೊಡಬೇಕು. ಸಾರಮ್ಮ ಎರಡು ದಿನದಿಂದ ಒಲೆ ಬಿಟ್ಟು ಎದ್ದಿರಲಿಲ್ಲ. ನೆಯ್‌ಚೋರು ಎಂಬ ತುಪ್ಪದನ್ನ, ಕೋಳಿ, ಅಕ್ಕಿಹಿಟ್ಟಿನ ಪತ್ತಿರಿ. ನೆರೆಯವರೆಂದು ನನ್ನನ್ನೂ ಅಮ್ಮನನ್ನೂ ಊಟಕ್ಕೆ ಹೇಳಿದ್ದರು.

ಊಟವಾದ ಮೇಲೆ ಕೈ ತೊಳೆಯಲು ಹಿತ್ತಲಿಗೆ ಬಂದ ಖದೀಜಮ್ಮ ಗಿಡವನ್ನು ನೋಡಿ ಜೋರಾಗಿ ನಕ್ಕರು.

"ಅಲ್ಲ, ಇದು ನಮ್ಮ ಮಕ್ಕಳ ಮದುವೆಯ ಚೀಲ ಅಲ್ವಾ! ಬದನೆಗೂ ಮದುವೆ ಮಾಡಿಸಿದ್ರಾ?"

ಎಲ್ಲರೂ ನಕ್ಕೆವು. ಖದೀಜಮ್ಮ ಬಗ್ಗಿದರು. ಮೊದಲು ಕೆಂಪು ನೂಲು ಕಟ್ಟಿದ ಕಾಯಿ, ಎಲ್ಲಕ್ಕಿಂತ ದೊಡ್ಡದು, ಗೀರುಗಳು ಬಣ್ಣದಲ್ಲಿ ಬರೆದಂತಿದ್ದ ಕಾಯಿ ಅವರ ಅಂಗೈಯಲ್ಲಿ ಕೂತಿತು.

"ಎಷ್ಟು ಚಂದ ಉಂಟು! ಇದೊಂದು ನಾನು ಕೊಂಡೋಗ್ತೇನೆ ಆಯ್ತಾ? ಮನೆಯಲ್ಲಿ ತೋರಿಸ್ಲಿಕ್ಕೆ."

"ಬೇಡ" ಎಂದರು ಉಮ್ಮರಾಕ.

ಸಾರಮ್ಮನ ಮುಖ ಬೆಳ್ಳಗಾಯಿತು. ತಂದೆಯನ್ನೇ ನೋಡಿದಳು ಬಾಗಿಲಲ್ಲಿ ನಿಂತಿದ್ದ ಮಿಸ್ರಿಯ. ಆ ಬಾಯಲ್ಲಿ ಆ ಮಾತು ಯಾರೂ ಕೇಳಿದ್ದಿಲ್ಲ, ಮೊದಲ ಸಲ ಕೇಳಿದ್ದು ಮಗಳ ಅತ್ತೆಗೇ ಹೇಳುವಾಗ.

"ಅವ್ರದ್ದು ತಮಾಷೆ" ಎಂದು ಸಾರಮ್ಮ ಮುಂದೆ ಬಂದರು. "ಕೊಯ್ಯಿರಿ ನೀವು, ಎಷ್ಟು ಬೇಕೋ..."

"ತಮಾಷೆ ಅಲ್ಲ" ಎಂದರು ಉಮ್ಮರಾಕ. "ಈ ಮನೆಯಲ್ಲಿ ಎಂತ ಬೇಕಾದ್ರೂ ತೆಗೆದುಕೊಳ್ಳಿ. ಅದೊಂದು ಕೊಡ್ಲಿಕ್ಕೆ ಆಗುದಿಲ್ಲ. ಅದು ನನ್ನದಲ್ಲ, ಅಮಾನತ್ತು."

ಅಮಾನತ್ತು ಎಂದರೆ ಒಬ್ಬರು ನಂಬಿ ನಮ್ಮ ಕೈಯಲ್ಲಿಟ್ಟ ವಸ್ತು. ಅದನ್ನು ಮುಟ್ಟಲಿಕ್ಕಿಲ್ಲ, ಕೇಳಿದ ದಿನ ಹಾಗೆಯೇ ತಿರುಗಿ ಕೊಡಬೇಕು.

ಖದೀಜಮ್ಮ ಕಾಯಿಯಿಂದ ಕೈ ತೆಗೆದರು. "ಯಾರದ್ದು?" ಎಂದರು.

"ಒಬ್ಬನ ತಾಯಿಯದ್ದು. ಅವ್ರು ಈಗ ಇಲ್ಲ. ಅವ್ರ ಮನೆಯಲ್ಲೂ ಇದು ಇಲ್ಲ."

ಖದೀಜಮ್ಮ ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡರು.

"ಹಾಗಾದ್ರೆ ನಾನು ಮುಟ್ಟಿದ್ದೇ ಜಾಸ್ತಿಯಾಯ್ತು" ಎಂದರು. ಆಮೇಲೆ ತುಟಿಯ ಮೂಲೆಯಲ್ಲಿ ನಗು ಬಂತು. "ಆದ್ರೆ ಕಡಬದಲ್ಲಿ ನಾನು ಹೇಳುದೇ. ಮಗಳನ್ನು ಕೊಟ್ಟ ಮನೆಯವ್ರು ಒಂದು ಬದನೆ ಕೊಡ್ಲಿಲ್ಲ ಅಂತ. ಬರುವ ವರ್ಷ ಇದ್ರ ಸಸಿ ತಂದು ನೀವೇ ನೆಟ್ಟುಕೊಟ್ರೆ ಮಾತ್ರ ಬಾಯಿ ಮುಚ್ಚುದು."

"ನಾನೇ ತರ್ತೇನೆ" ಎಂದರು ಉಮ್ಮರಾಕ. ಅವರು ಮುಖ ತೊಳೆಯಲು ನಳ್ಳಿಯ ಕೆಳಗೆ ಬಗ್ಗಿದ್ದು ಯಾಕೆಂದು ನಮಗೆಲ್ಲ ಗೊತ್ತಿತ್ತು. ಅಮ್ಮ ಮಾತ್ರ ಮೆಲ್ಲಗೆ, "ಕಲಿತರು ಅಂತೂ" ಎಂದರು.

ಸಾರಮ್ಮನ ಸಿಟ್ಟು ಇಳಿಯಲು ಸ್ವಲ್ಪ ದಿನ ಬೇಕಾಯಿತು. ಆ ದಿನಗಳಲ್ಲಿ ಉಮ್ಮರಾಕನ ಚಹಾ ನಮ್ಮ ಮನೆಯಲ್ಲಿ ನಡೆಯಿತು.

ಕಾಯಿಗಳು ಹಳದಿಯಾಗಿ, ಸಿಪ್ಪೆ ಒರಟಾಗುವ ತನಕ ಗಿಡದಲ್ಲೇ ಉಳಿದವು. ಕೊಯ್ದ ದಿನ ಅಮ್ಮನನ್ನೂ ಕರೆದರು. ಹಣ್ಣನ್ನು ಕಲ್ಲಿನ ಮೇಲೆ ಉರುಳಿಸಿ ಮೆತ್ತಗೆ ಮಾಡಿ, ಸೀಳಿ, ನೀರಿನಲ್ಲಿ ಕಿವುಚಿದರು. ಜೊಳ್ಳು ತೇಲಿತು, ಗಟ್ಟಿ ಬೀಜ ಅಡಿಗೆ ಕೂತಿತು. ನೆರಳಿನಲ್ಲಿ ಒಣಗಿಸಿ ಪೊಟ್ಟಣ ಕಟ್ಟಿದರು. ಸಾರಮ್ಮನ ಅಕ್ಕನ ಮಗ ಗಲ್ಫಿಗೆ ಹೋಗುವಾಗ ಕೊಂಡುಹೋದ. ಅಲ್ಲಿ ಅದೇ ಹೋಟೆಲಿನಲ್ಲಿ ಕೆಲಸಕ್ಕಿರುವ ಸೋಮಣ್ಣನ ಅಳಿಯನ ಕೈಗೆ ಕೊಟ್ಟ. ಅವನು ರಜೆಯಲ್ಲಿ ಊರಿಗೆ ಹೋಗುವಾಗ ಒಯ್ದ. ಬೀಜ ಮುಟ್ಟಿತು ಎಂದು ಸೋಮಣ್ಣ ಕೈಮುಗಿದ ಒಂದು ಚಿತ್ರ ಕಳಿಸಿದ. ಆಮೇಲೆ ಸುದ್ದಿಯಿಲ್ಲ.

ಉಮ್ಮರಾಕನಿಗೆ ನಿದ್ದೆಯಿಲ್ಲ. "ಹುಟ್ಟಿರಬಹುದಾ ಜಗ್ಗು?" "ಅಲ್ಲಿ ಈಗ ಮಳೆಯಾ ಬಿಸಿಲಾ?" "ಕೇಳಿದ್ರೆ ಅವಸರ ಮಾಡಿದ ಹಾಗೆ ಆಗ್ತದಾ?" ನನ್ನ ಅಂಗಡಿಗೆ ಬಂದು ಜೆರಾಕ್ಸಿಗೆ ಬಂದವರ ಎದುರೇ ಕೇಳುವರು. ಬಂದವರು ಏನೋ ಹೆರಿಗೆಯ ವಿಷಯ ಎಂದುಕೊಳ್ಳುವರು. ಆ ನಡುವೆ ಮಿಸ್ರಿಯಳಿಗೆ ಗಂಡು ಮಗುವೂ ಆಯಿತು. ಉಮ್ಮರಾಕ ಮೊಮ್ಮಗನನ್ನು ತೊಡೆಯ ಮೇಲೆ ಹಾಕಿಕೊಂಡು ಅವನಲ್ಲೂ ಅದೇ ಕೇಳುತ್ತಿದ್ದರು.

ಅವರನ್ನು ನಾನು ಕೊನೆಗೆ ನೋಡಿದ್ದು ಅವರ ಗೇಟಿನ ಹತ್ತಿರ. ಎದೆನೋವೆಂದು ಮಂಗಳೂರಿಗೆ ಕರೆದುಕೊಂಡು ಹೋಗಲು ಕಾರು ಬಂದಿತ್ತು. ಬಾಗಿಲು ಹಾಕುವ ಮೊದಲು ನನ್ನ ಕೈ ಹಿಡಿದರು. ಅಂಗೈ ತಣ್ಣಗಿತ್ತು.

"ಸೋಮಣ್ಣನ ಫೋನು ಬಂದ್ರೆ, ಗೀರು ಬಂದಿದೆಯಾ ಅಂತ ಕೇಳು. ಮಾಸಿದ್ರೆ ನನಗೆ ಹೇಳು, ಇನ್ನೊಂದು ಸಲ ಕಳಿಸುವ. ಸರಿಯಾಗಿ ಬಂದಿದ್ರೂ ಹೇಳು."

"ನೀವೇ ಬಂದು ಕೇಳಿ ಉಮ್ಮರಾಕ."

"ಬರ್ತೇನೆ ಮಾರಾಯ, ಎಲ್ಲಿಗೆ ಹೋಗುದು ನಾನು" ಎಂದು ನಕ್ಕರು. ಎರಡನೆಯ ದಿನ ಅಲ್ಲಿಂದ ಬಂದದ್ದು ಉಸಿರಿಲ್ಲದ ದೇಹ, ಅವರ ಮಯ್ಯತ್ತು. ದರ್ಬೆಯ ಪಳ್ಳಿಯಂಗಳದಲ್ಲಿ ಜನ ಹಿಡಿಸಲಿಲ್ಲ. ಗ್ಯಾಸಿನವನೂ ಇದ್ದ. ಕೊಲ್ಲಮೊಗ್ರಿನ ಗೌಡರೂ ಎಲ್ಲಿಂದಲೋ ಕೇಳಿ ಬಸ್ಸಿನಲ್ಲಿ ಬಂದಿದ್ದರು.

ಕೆಲವು ವಾರಗಳ ನಂತರ ಒಂದು ಮಧ್ಯಾಹ್ನ ಮಿಸ್ರಿಯ ಗೋಡೆಯ ಹತ್ತಿರ ಬಂದು ನಮ್ಮನ್ನು ಕರೆದಳು. ಅಮ್ಮನೂ ನಾನೂ ಹೋಗಿ ಅವರ ಚಾವಡಿಯಲ್ಲಿ ಕೂತೆವು. ಸಾರಮ್ಮ ಇದ್ದತ್ತಿನಲ್ಲಿದ್ದರು. ಗಂಡ ತೀರಿಕೊಂಡ ಹೆಂಗಸು ಕೆಲವು ತಿಂಗಳು ಹೊರಗಿನ ಗಂಡಸರ ಎದುರು ಬರುವುದಿಲ್ಲ. ಹಾಗಾಗಿ ಅವರು ಒಳಕೋಣೆಯ ಬಾಗಿಲ ಹಿಂದೆ. ಮಿಸ್ರಿಯಳ ಕೈಯಲ್ಲಿ ಉಮ್ಮರಾಕನ ಫೋನು.

ಸೋಮಣ್ಣ ವೀಡಿಯೊ ಕಳಿಸಿದ್ದ. ಸಾಲಾಗಿ ಬದನೆಗಿಡ. ಅವನು ಒಂದೊಂದು ಗಿಡದ ಹತ್ತಿರ ನಿಂತು ಎಲೆ ಸರಿಸಿ ತೋರಿಸುತ್ತ, "ಉಮ್ಮರ್, ನೋಕ್, ನೋಕ್" ಎನ್ನುತ್ತಿದ್ದ. ನೋಡು, ನೋಡು. ಅಮ್ಮ ಫೋನನ್ನು ಮೂಗಿನ ತನಕ ತಂದು ನೋಡಿದರು. "ಗೀರು ಬಂದಿದೆ" ಎಂದರು, ಬಾಗಿಲ ಕಡೆಗೆ ಕೇಳುವಷ್ಟು ದೊಡ್ಡದಾಗಿ. "ಮೊದಲಿನದ್ದೇ ಗೀರು ಸಾರಮ್ಮ, ಕಿಂಚಿತ್ತೂ ಮಾಸ್ಲಿಲ್ಲ."

ವೀಡಿಯೊದ ಕೊನೆಗೆ ಒಂದು ಚಾಪೆ. ಅನ್ನ, ಚಟ್ನಿ, ಬಟ್ಟಲಿನಲ್ಲಿ ಬದನೆಯ ಸಾರು, ಸುತ್ತ ಮನೆಮಂದಿ. ಸೋಮಣ್ಣ ತುತ್ತು ಎತ್ತಿ ಫೋನಿನ ಕಡೆಗೆ ಹಿಡಿದು ಬಾಯ್ತುಂಬ ನಗುತ್ತ ಹೇಳಿದ, "ಉಮ್ಮರ್, ವಾ, ತಿನ್ನಾಂ." ಬಾ, ತಿನ್ನುವ.

ಅವನಿಗೆ ಯಾರೂ ಹೇಳಿರಲಿಲ್ಲ. ಆ ಗಲಾಟೆಯಲ್ಲಿ ಯಾರಿಗೂ ನೆನಪಾಗಿರಲಿಲ್ಲ.

"ಜಗ್ಗಣ್ಣ, ನೀವು ಹೇಳ್ತೀರಾ?" ಎಂದಳು ಮಿಸ್ರಿಯ. "ನನ್ನಿಂದ ಆಗುದಿಲ್ಲ."

ನಾನು ಫೋನ್ ತೆಗೆದುಕೊಂಡೆ. ಕರೆ ಮಾಡಲು ಸೋಮಣ್ಣನ ಹೆಸರು ಹುಡುಕಿದೆ. ಆಗ ಬಾಗಿಲ ಹಿಂದಿನಿಂದ ಸಾರಮ್ಮನ ಧ್ವನಿ ಬಂತು.

"ಇವತ್ತು ಬೇಡ ಜಗ್ಗು. ಇವತ್ತು ಅವನು ಅವನ ತಾಯಿಯ ಬದನೆಯಲ್ಲಿ ಊಟಕ್ಕೆ ಕೂತಿದ್ದಾನೆ. ಹೊಟ್ಟೆತುಂಬ ಉಣ್ಲಿ. ನಾಳೆ ಹೇಳುವ."